ಬೂದಿಗುಡ್ಡೆಯ ಮೇಲೊಂದು ಪಟ್ಟಾಭಿಷೇಕ

ಪರಮಾಣು ಯುದ್ಧ ನಡೆದುಹೋದರೆ ಅಮೆರಿಕದಲ್ಲಿ ಅನ್ನ, ನೀರು, ಔಷಧಗಳಿಗೆ ತತ್ವಾರವಾದೀತು. ಆದರೆ ಅಧ್ಯಕ್ಷ ಪದವಿಗೆ ಹಕ್ಕುದಾರರ ತತ್ವಾರ ಬಾರದಂತೆ ಅಲ್ಲಿನವರು 1947ರಲ್ಲೇ ಕಾಯ್ದೆ ಮಾಡಿಟ್ಟುಕೊಂಡಿದ್ದಾರೆ. ಉಪಾಧ್ಯಕ್ಷರು, ಕೆಳಮನೆಯ ಸ್ಪೀಕರ್, ಸೆನೆಟ್ಟಿನ ಹಂಗಾಮಿ ಸಭಾಪತಿ, ಆಮೇಲೆ ಖಾತೆಗಳು ಹುಟ್ಟಿದ ಕ್ರಮದಲ್ಲಿ ಒಬ್ಬೊಬ್ಬರೇ ಸಚಿವರು, ಹೀಗೆ ಒಟ್ಟು 18 ಮಂದಿಯ ಸರತಿ ಸಾಲು. ಸೀನಿಯಾರಿಟಿ ಪಟ್ಟಿಯ ಮಹಿಮೆ ಬಲ್ಲ ಯಾವ ಸರ್ಕಾರಿ ನೌಕರನೂ ಇದಕ್ಕೆ ಕೈಮುಗಿದಾನು. ಒಂದೇ ಒಂದು ಊನವೆಂದರೆ, ಪಟ್ಟಿಯಲ್ಲಿರುವವರೆಲ್ಲ ಕೆಲಸ ಮಾಡುವುದು ಒಂದೇ ಊರಿನಲ್ಲಿ, ಮತ್ತು ಶತ್ರುವಿನ ಕೈಯಲ್ಲಿರುವ ಪಟ್ಟಿಯಲ್ಲಿ ಮೊದಲ ಹೆಸರು ಆ ಊರಿನದೇ.

ಇದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದ್ದರಿಂದಲೇ ಅಧ್ಯಕ್ಷರು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಭಾಷಣ ಮಾಡುವ ರಾತ್ರಿ ಒಬ್ಬ ಸಚಿವರನ್ನು, ಬೀಜಕ್ಕೆಂದು ತೆಗೆದಿಟ್ಟ ಧಾನ್ಯದಂತೆ, ದೂರವೆಲ್ಲೋ ಜೋಪಾನ ಮಾಡುತ್ತಾರೆ. 1997ರಲ್ಲಿ ಈ ಭಾಗ್ಯ ಕೃಷಿ ಸಚಿವ ಡ್ಯಾನ್ ಗ್ಲಿಕ್‌ಮನ್ ಅವರದಾಗಿತ್ತು. ಅವರು ನ್ಯೂಯಾರ್ಕಿನಲ್ಲಿದ್ದ ಮಗಳ ಮನೆಗೆ ಹೋದರು. ಭಾಷಣ ಮುಗಿದು ರಾಜಧಾನಿ ಸ್ವಸ್ಥಾನದಲ್ಲಿಯೇ ಇದೆಯೆಂದು ಖಾತ್ರಿಯಾದ ಕೂಡಲೇ ಬೆಂಗಾವಲಿನವರು ಗಂಟುಮೂಟೆ ಕಟ್ಟಿದರು. ಗಳಿಗೆಯ ಹಿಂದೆ ಮಹಾಶಕ್ತಿಯೊಂದರ ಭಾವೀ ಅಧಿಪತಿಯಾಗಿದ್ದ ಮನುಷ್ಯ ಆ ರಾತ್ರಿ ಮಗಳೊಂದಿಗೆ ಟ್ಯಾಕ್ಸಿಗಾಗಿ ಪರದಾಡಬೇಕಾಯಿತು.

ಈಗ ಬಾಂಬು ಬಿದ್ದೇಬಿಟ್ಟಿತು, ಉಳಿದವರು ಕೃಷಿ ಸಚಿವರೊಬ್ಬರೇ ಎಂದಿಟ್ಟುಕೊಳ್ಳೋಣ. ಅವರು ಸಿಕ್ಕ ನ್ಯಾಯಾಧೀಶರ ಮುಂದೆ ಪ್ರಮಾಣವಚನ ಸ್ವೀಕರಿಸುತ್ತಾರೆ. ಸ್ವೀಕರಿಸಿದ ಕ್ಷಣವೇ, ಕಾಯ್ದೆಯ ಪ್ರಕಾರ, ಕೃಷಿ ಖಾತೆಗೆ ರಾಜೀನಾಮೆ ಕೊಟ್ಟಂತಾಗುತ್ತದೆ. ಆದರೆ ಅದೇ ಕಾಯ್ದೆಯ ಇನ್ನೊಂದು ಕಲಮು, ಸ್ಪೀಕರ್ ಎಂಬ ಪ್ರಾಣಿ ಎಲ್ಲಾದರೂ ಕಾಣಿಸಿಕೊಂಡರೆ ಹಂಗಾಮಿ ಅಧ್ಯಕ್ಷರಾಗಿರುವ ಸಚಿವರು ಜಾಗ ಖಾಲಿ ಮಾಡಬೇಕೆನ್ನುತ್ತದೆ. ಹಳೆಯ ಸ್ಪೀಕರ್ ತೀರಿಕೊಂಡಿದ್ದರೂ ಚಿಂತೆಯಿಲ್ಲ, ಹೊಸಬರನ್ನು ಆರಿಸಿಕೊಳ್ಳಬಹುದು. ಆಗ ನಮ್ಮ ಕೃಷಿ ಸಚಿವರಿಗೆ ಇತ್ತ ಸಿಂಹಾಸನವೂ ಇಲ್ಲ, ಅತ್ತ ಗೊಬ್ಬರದ ಕಡತವೂ ಇಲ್ಲ.

ಆರಿಸುವವರು ಯಾರು ಎಂದು ಕೇಳಬಹುದು. ಕೆಳಮನೆಯ ಬಲ 435, ಕೋರಂಗೆ ಬೇಕಾದದ್ದು 218. ಅಷ್ಟು ಜನ ಬದುಕಿರದಿದ್ದರೆ ಏನು ಮಾಡಬೇಕೆಂಬುದಕ್ಕೆ 2005ರಲ್ಲಿ ಮಾಡಿಕೊಂಡ ಸದನದ ನಿಯಮವಿದೆ: ಗೈರುಹಾಜರಾದವರನ್ನು ಕರೆಸುವ ಪ್ರಯತ್ನ ಒಟ್ಟು 72 ಗಂಟೆ ನಡೆಯಬೇಕು, ಅನಂತರ ಸದನದ ಮಾರ್ಷಲ್ ಅಥವಾ ಅವರ ಜಾಗದಲ್ಲಿರುವವರು ಕೋರಂ ವಿಪತ್ತಿಗೆ ಸಿಕ್ಕಿದೆಯೆಂದು ವರದಿ ಒಪ್ಪಿಸಬೇಕು, ಆಮೇಲೆ ಇನ್ನೊಂದು 24 ಗಂಟೆ ಹಾಜರಾತಿಗಾಗಿ ಕಾಯಬೇಕು. ಹೊರಗೆ ವಿಕಿರಣದ ಬೂದಿ ಸುರಿಯುತ್ತಿರುವಾಗ ಒಳಗೆ ನಾಲ್ಕು ದಿನ ಸತ್ತವರ ಹಾಜರಿ ಕೂಗುವ ಈ ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಐವರು ಸೇರಿದರೆನ್ನಿ. ಹಾಜರಾದವರೇ ಪೂರ್ತಿ ಸದನವೆಂದು ಲೆಕ್ಕ, ಆದ್ದರಿಂದ ಮೂವರಿದ್ದರೆ ಕೋರಂ, ಆ ಮೂವರಲ್ಲಿ ಇಬ್ಬರು ಕೈಯೆತ್ತಿದರೆ ಸ್ಪೀಕರ್, ಸ್ಪೀಕರ್ ಆದವರು ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟು ಎದ್ದರೆ ಅಧ್ಯಕ್ಷರು. ಗ್ರಾಮ ಪಂಚಾಯಿತಿಯ ಉಪಚುನಾವಣೆಗೂ ಇದಕ್ಕಿಂತ ಹೆಚ್ಚು ಮತ ಬೇಕು. ಸಭೆ ಸೇರುವ ಸ್ಥಳದ್ದೂ ತೊಡಕೇ: ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಯರ್ ಹೋಟೆಲಿನ ಅಡಿಯಲ್ಲಿ ಸಂಸತ್ತಿಗೆಂದೇ ಗುಟ್ಟಾಗಿ ಕಟ್ಟಿದ್ದ ನೆಲಮಾಳಿಗೆಯನ್ನು 1992ರಲ್ಲಿ ವಾಷಿಂಗ್ಟನ್ ಪೋಸ್ಟ್ ಬಯಲು ಮಾಡಿದ ಮೇಲೆ ಅದು ಪ್ರವಾಸಿಗಳು ದುಡ್ಡು ಕೊಟ್ಟು ನೋಡುವ ತಾಣವಾಗಿದೆ. ಮಾನ್ಯ ಸದಸ್ಯರು ಮೊದಲು ಟಿಕೆಟ್ ಪಡೆಯಬೇಕಾದೀತು.

ಇಷ್ಟೆಲ್ಲ ಕಾಗದದ ಮೇಲಿದ್ದರೂ ಆಪತ್ತಿನಲ್ಲಿ ಯಾರಿಗೂ ನೆನಪಿಗೆ ಬರುವುದಿಲ್ಲವೆಂಬುದಕ್ಕೆ 1981ರ ಮಾರ್ಚ್ 30 ಸಾಕ್ಷಿ. ಅಧ್ಯಕ್ಷ ರೇಗನ್ ಗುಂಡೇಟು ತಿಂದು ಆಸ್ಪತ್ರೆಯಲ್ಲಿದ್ದಾಗ, ಉಪಾಧ್ಯಕ್ಷ ಬುಷ್ ಟೆಕ್ಸಸ್‌ನಿಂದ ವಿಮಾನದಲ್ಲಿ ಮರಳುತ್ತಿದ್ದಾಗ, ವಿದೇಶಾಂಗ ಸಚಿವ ಅಲೆಕ್ಸಾಂಡರ್ ಹೇಗ್ ಏದುಸಿರು ಬಿಡುತ್ತ ಪತ್ರಕರ್ತರ ಮುಂದೆ ಬಂದು, ಅಧ್ಯಕ್ಷರು, ಉಪಾಧ್ಯಕ್ಷರು, ವಿದೇಶಾಂಗ ಸಚಿವರು ಎಂಬುದೇ ಕ್ರಮ, ಸದ್ಯಕ್ಕೆ ಇಲ್ಲಿನ ಹತೋಟಿ ನನ್ನದು ಎಂದು ಸಾರಿದರು. ಉಪಾಧ್ಯಕ್ಷರನ್ನು ಬಿಟ್ಟರೂ ಸಾಲಿನಲ್ಲಿ ತಮಗಿಂತ ಮುಂದಿದ್ದ ಇಬ್ಬರು, ಸ್ಪೀಕರ್ ಮತ್ತು ಸೆನೆಟ್ಟಿನ ಹಂಗಾಮಿ ಸಭಾಪತಿ, ಆಗ ಜೀವಂತವಾಗಿದ್ದರೆಂಬುದು ಅವರಿಗೆ ಹೊಳೆಯಲಿಲ್ಲ. ಒಂದು ಪಿಸ್ತೂಲಿಗೇ ಇಷ್ಟಾದರೆ ಕ್ಷಿಪಣಿಗೆ ಎಷ್ಟು?

ಪದಚ್ಯುತ ಕೃಷಿ ಸಚಿವರಿಗೆ ಒಂದು ಆಸೆಯಿದೆ. ಶಾಸಕಾಂಗದವರು ಈ ಸಾಲಿನಲ್ಲಿ ನಿಲ್ಲುವುದೇ ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು 1792ರಷ್ಟು ಹಿಂದೆಯೇ, ಆ ಸಂವಿಧಾನವನ್ನು ರೂಪಿಸಿದವರಲ್ಲೊಬ್ಬರಾದ ಜೇಮ್ಸ್ ಮ್ಯಾಡಿಸನ್ ತಕರಾರು ತೆಗೆದಿದ್ದರು. ಆ ವಾದ ಇಂದಿಗೂ ಇತ್ಯರ್ಥವಾಗಿಲ್ಲ. ಅದನ್ನೇ ಹಿಡಿದು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬಹುದು, ಮೆಟ್ಟಿಲು ಉಳಿದಿದ್ದರೆ. ಅಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೈಕಿ ಕನಿಷ್ಠ ಆರು ಮಂದಿ ಇಲ್ಲದೆ ಪೀಠ ಕೂರುವಂತಿಲ್ಲ, ಖಾಲಿ ಬಿದ್ದ ಸ್ಥಾನಗಳಿಗೆ ನ್ಯಾಯಮೂರ್ತಿಗಳನ್ನು ಹೆಸರಿಸಬೇಕಾದವರು ಅಧ್ಯಕ್ಷರು, ಮತ್ತು ಆ ಅಧ್ಯಕ್ಷರು ಇದೇ ದಾವೆಯಲ್ಲಿ ಒಂದನೆಯ ಪ್ರತಿವಾದಿ.