ಹಬ್ಬದ ತಾರೀಖು ಬಿಡಿ, ಮೊಗ್ಗು ನೋಡಿ ಹೊರಡಿ

ವಾಷಿಂಗ್ಟನ್ ಡಿಸಿಯ ಚೆರ್ರಿ ಬ್ಲಾಸಂ ಹಬ್ಬ ಶುರುವಾದ ಮೇಲೇ ಹೂ ಅರಳಬೇಕು ಅಂತ ಮರಗಳಿಗೆ ಯಾರೂ ಹೇಳಿಟ್ಟಿಲ್ಲ. 2024ರಲ್ಲಿ ಹಬ್ಬ ಶುರುವಾಗಿದ್ದು ಮಾರ್ಚ್ 20ಕ್ಕೆ, ಹೂ ತುಂಬಿ ಅರಳಿದ್ದು 17ಕ್ಕೆ. ದೊಡ್ಡ ಮೆರವಣಿಗೆ ನಡೆದದ್ದು ಏಪ್ರಿಲ್ 13ರಂದು. ಮೆರವಣಿಗೆ ನೋಡಿ ಹಾಗೇ ಹೂವನ್ನೂ ನೋಡಿಬಿಡೋಣ ಎಂದು ಆ ವಾರಾಂತ್ಯಕ್ಕೆ ಹೋಟೆಲ್ ಬುಕ್ ಮಾಡಿದವರಿಗೆ ಚೆರ್ರಿ ಮರಗಳು ಸುತ್ತುವರಿದ ಟೈಡಲ್ ಬೇಸಿನ್ ಕೊಳದ ದಂಡೆಯಲ್ಲಿ ಕಂಡದ್ದು ಹಸಿರೆಲೆ. ಹಬ್ಬದ ತಾರೀಖು ತಿಂಗಳುಗಟ್ಟಲೆ ಮೊದಲೇ ನಿಗದಿಯಾಗುತ್ತದೆ, ರಸ್ತೆ ಬಂದ್ ಮಾಡಲು ಅನುಮತಿ ಬೇಕು, ಬ್ಯಾಂಡ್‌ನವರು ಬರಬೇಕು. ಹೂವಿಗೆ ಇದ್ಯಾವುದರ ಹಂಗೂ ಇಲ್ಲ. ಅದಕ್ಕೇ ನನ್ನ ಸಲಹೆ: ಪೋಸ್ಟರ್ ಮೇಲಿನ ತಾರೀಖು ನಂಬಿ ಟಿಕೆಟ್ ತೆಗೆಯಬೇಡಿ.

'ಪೀಕ್ ಬ್ಲೂಮ್', ಅಂದರೆ ಹೂ ತುಂಬಿ ಅರಳುವುದು, ಅನ್ನುವುದಕ್ಕೆ ಈ ಮರಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ಲೆಕ್ಕ ಒಂದಿದೆ. ಟೈಡಲ್ ಬೇಸಿನ್ ಸುತ್ತಲಿನ ಯೋಶಿನೋ ತಳಿಯ ಮರಗಳಲ್ಲಿ ನೂರಕ್ಕೆ 70 ಹೂ ಅರಳಿದ ದಿನವೇ ಪೀಕ್. ಮಾಮೂಲಾಗಿ ಅದು ಮಾರ್ಚ್ ಕೊನೆಯ ವಾರಕ್ಕೋ ಏಪ್ರಿಲ್ ಮೊದಲ ವಾರಕ್ಕೋ ಬರುತ್ತದೆ. ಆದರೆ 1990ರಲ್ಲಿ ಮಾರ್ಚ್ 15ಕ್ಕೇ ಬಂದಿತ್ತು, 1958ರಲ್ಲಿ ಏಪ್ರಿಲ್ 18ರವರೆಗೂ ಕಾಯಿಸಿತ್ತು. ಒಂದು ತಿಂಗಳಿಗೂ ಮೀರಿದ ಅಂತರ. ಮಾರ್ಚ್ ಆರಂಭದಲ್ಲಿ ಇಲಾಖೆಯವರೇ ಅಂದಾಜು ತಾರೀಖು ಕೊಡುತ್ತಾರೆ, ಆಮೇಲೆ ಹವೆ ಬದಲಾದರೆ ಅದನ್ನೂ ಬದಲಿಸುತ್ತಾರೆ. ಹತ್ತು ದಿನ ಒಳಗಿನ ಅಂದಾಜಾದರೆ ನಂಬಬಹುದು, ಅದಕ್ಕಿಂತ ಮುಂಚಿನದು ಬರೀ ಊಹೆ.

ಊಹೆಗಿಂತ ಮೊಗ್ಗು ಗಟ್ಟಿ ಸಾಕ್ಷಿ. ಮೊದಲು ಮೊಗ್ಗಿನ ತುದಿ ಹಸಿರಾಗುತ್ತದೆ. ಆಮೇಲೆ ಒಂದೇ ಮೊಗ್ಗಿನೊಳಗಿಂದ ಪುಟ್ಟ ಪುಟ್ಟ ಮೊಗ್ಗುಗಳ ಗೊಂಚಲು ಕಾಣಿಸಿಕೊಳ್ಳುತ್ತದೆ. ಇಲ್ಲಿಂದ ಪೀಕ್‌ಗೆ ಸುಮಾರು 16ರಿಂದ 21 ದಿನ. ಗೊಂಚಲು ಹೊರಚಾಚಿದರೆ 12ರಿಂದ 17 ದಿನ. ಹೂವಿನ ತೊಟ್ಟು ಉದ್ದವಾಗಿ ಜೋತುಬಿದ್ದರೆ 5ರಿಂದ 10 ದಿನ. ಮೊಗ್ಗು ಬಿಳಿಯಾಗಿ ಉಬ್ಬಿದರೆ 4ರಿಂದ 6 ದಿನ. ಈ ಹಂತಗಳನ್ನು ಇಲಾಖೆ ಫೋಟೋ ಸಮೇತ ಪ್ರಕಟಿಸುತ್ತದೆ, ಮರಗಳ ಮುಂದೆ ಲೈವ್ ಕ್ಯಾಮರಾ ಕೂಡ ಇದೆ. ತೊಟ್ಟು ಉದ್ದವಾಯಿತು ಎಂಬ ಸುದ್ದಿ ಬಂದ ದಿನ ರಜೆ ಅರ್ಜಿ ಹಾಕಿ. ಉಬ್ಬಿದ ಮೊಗ್ಗು ಅಂದ ದಿನ ಬ್ಯಾಗ್ ಕಟ್ಟಿ.

ಉಬ್ಬಿದ ಮೊಗ್ಗಿನ ಹಂತವೇ ಅಪಾಯದ್ದೂ ಹೌದು. ಆಗ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 3 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ನೂರರಲ್ಲಿ ಹತ್ತು ಮೊಗ್ಗು ಸಾಯಬಹುದು. ಇನ್ನೂ ಒಂದೂವರೆ ಡಿಗ್ರಿ ಇಳಿದರೆ ನೂರರಲ್ಲಿ ತೊಂಬತ್ತು. 2017ರ ಮಾರ್ಚ್‌ನಲ್ಲಿ ಹೀಗೇ ಆಗಿ ಯೋಶಿನೋ ಹೂವಿನಲ್ಲಿ ಸುಮಾರು ಅರ್ಧ ಅರಳುವ ಮುಂಚೆಯೇ ಕಂದಿಹೋಯಿತು. ಹಾಗಾಗಿ ಮಾರ್ಚ್ ಮಧ್ಯದಲ್ಲಿ ಹಗಲಿನ ಬಿಸಿಲು ನೋಡಿ ಹಿಗ್ಗುವುದಕ್ಕಿಂತ ರಾತ್ರಿಯ ಥರ್ಮಾಮೀಟರ್ ನೋಡುವುದು ವಾಸಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಜನ 'ಬೆಂಗಳೂರಿನ ಚೆರ್ರಿ ಬ್ಲಾಸಂ' ಅಂತ ಫೋಟೋ ಹಾಕುವ ಗುಲಾಬಿ ಟಬೆಬುಯಾ ಒಂದು ಬೀದಿಯಲ್ಲಿ ಈ ವಾರ, ಪಕ್ಕದ ಬಡಾವಣೆಯಲ್ಲಿ ಮುಂದಿನ ವಾರ ಅರಳುತ್ತದೆ. ಇಂದು ತಪ್ಪಿದರೆ ನಾಳೆ. ಯೋಶಿನೋ ಹಾಗಲ್ಲ. ಅದನ್ನು ಬೀಜದಿಂದ ಬೆಳೆಸುವುದಿಲ್ಲ, ಕಸಿ ಕಟ್ಟಿ ಬೆಳೆಸುತ್ತಾರೆ. ಎಲ್ಲ ಮರಗಳ ಗುಣವೂ ಒಂದೇ, ಹಾಗಾಗಿ ಎಲ್ಲವೂ ಒಟ್ಟಿಗೇ ಅರಳಿ ಒಟ್ಟಿಗೇ ಮುಗಿಸುತ್ತವೆ. ಗಾಳಿ ಇಲ್ಲದೆ ತಂಪಾಗಿದ್ದರೆ ಹೂ ವಾರಕ್ಕಿಂತ ಒಂದೆರಡು ದಿನ ಹೆಚ್ಚೇ ನಿಲ್ಲುತ್ತದೆ. ಪೀಕ್ ಆದ ಮರುದಿನವೇ ಜೋರು ಗಾಳಿಮಳೆ ಬಂದರೆ ಕಥೆ ಮುಗಿಯಿತು. ಅದಕ್ಕೇ ಪೀಕ್ ದಿನಕ್ಕಾಗಿ ಹಟ ಹಿಡಿಯಬೇಡಿ. ಎರಡು ದಿನ ಮೊದಲು ಹೋದವರಿಗೆ ನಷ್ಟ ಕಡಿಮೆ, ಎರಡು ದಿನ ತಡವಾದವರಿಗೆ ಹೆಚ್ಚು.

ಬಂದದ್ದು ತಡವಾಯಿತೇ ಎಂದು ಹೂವೇ ಹೇಳುತ್ತದೆ. ಕೊಂಬೆ ಮುಟ್ಟದೆ ಹತ್ತಿರ ನಿಂತು ಒಂದು ಹೂವಿನ ನಡುವನ್ನು ನೋಡಿ. ಮೊಗ್ಗಿದ್ದಾಗ ತಿಳಿಗುಲಾಬಿ, ಅರಳಿದ ಮೇಲೆ ಬಹುಪಾಲು ಬಿಳಿ, ಐದೇ ಎಸಳು. ನಡುಭಾಗ ತಿಳಿಹಸಿರಾಗಿದ್ದರೆ ಹೂ ಹೊಸದು. ಅಲ್ಲಿ ಕೆಂಪು ಕೂಡಿದ್ದರೆ ಹೂವಿಗೆ ವಯಸ್ಸಾಗಿದೆ, ಇನ್ನು ಗಾಳಿ ಬೀಸುವುದಷ್ಟೇ ಬಾಕಿ. ಜೊತೆಗೆ ಎಳೆ ಎಲೆಯೂ ಇಣುಕುತ್ತಿದ್ದರೆ ಅಂದೇ ಫೋಟೋ ಮುಗಿಸಿಕೊಳ್ಳಿ.

ಇನ್ನು ಹೋಗುವ ರೀತಿ. ಕಾರು ಬೇಡ. ಹೇನ್ಸ್ ಪಾಯಿಂಟ್ ಕಡೆ ಪಾರ್ಕಿಂಗ್ ಇದೆ, ಆದರೆ ಹೂವಿನ ವಾರಾಂತ್ಯದಲ್ಲಿ ಬೇಗ ತುಂಬುತ್ತದೆ. ಆಮೇಲೆ ಒಳಗೆ ಹೊಕ್ಕ ಕಾರು ಹೊರಬರುವುದೂ ಕಷ್ಟ. ವರ್ಜೀನಿಯಾದಲ್ಲೋ ಮೇರಿಲ್ಯಾಂಡ್‌ನಲ್ಲೋ ಯಾವುದಾದರೂ ಮೆಟ್ರೋ ನಿಲ್ದಾಣದಲ್ಲಿ ಕಾರು ಬಿಟ್ಟು ಬ್ಲೂ, ಆರೆಂಜ್ ಅಥವಾ ಸಿಲ್ವರ್ ಲೈನ್ ಹಿಡಿದು ಸ್ಮಿತ್ಸೋನಿಯನ್ ನಿಲ್ದಾಣದಲ್ಲಿ ಇಳಿಯಿರಿ. ಇಂಡಿಪೆಂಡೆನ್ಸ್ ಅವೆನ್ಯೂ ಕಡೆಯ ಬಾಗಿಲಿನಿಂದ ಹೊರಬಂದು ಪಶ್ಚಿಮಕ್ಕೆ ಕಾಲು ಗಂಟೆ ನಡೆದರೆ ನೀರು ಕಾಣುತ್ತದೆ. ಮಾರ್ಚ್ ಕೊನೆಯಲ್ಲಿ ಅಲ್ಲಿ ಸೂರ್ಯೋದಯ 7 ಗಂಟೆಯ ಆಸುಪಾಸು. ವಾರದ ದಿನ ಆರೂವರೆಗೆ ದಂಡೆ ತಲುಪಿದವರಿಗೂ ಶನಿವಾರ ಮಧ್ಯಾಹ್ನ ಹೋದವರಿಗೂ ಸಿಗುವುದು ಬೇರೆ ಬೇರೆ ಊರೇ. ಮಧ್ಯಾಹ್ನ ನೀವು ನೋಡುವುದು ಮುಂದಿನವರ ಬೆನ್ನು.

ಎಡಕ್ಕೆ, ಅಂದರೆ ಜೆಫರ್ಸನ್ ಸ್ಮಾರಕದ ಕಡೆಗೆ, ಮೊದಲು ತಿರುಗಬೇಡಿ. ಬಲಕ್ಕೆ ಹೋಗಿ ಉತ್ತರದ ದಂಡೆ ಹಿಡಿದು ಜಪಾನೀ ಕಲ್ಲುದೀಪದ ಹತ್ತಿರ ನಿಲ್ಲಿ. 1912ರ ಮಾರ್ಚ್ 27ರಂದು ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಮತ್ತು ಜಪಾನ್ ರಾಯಭಾರಿಯ ಪತ್ನಿ ಮೊದಲ ಎರಡು ಮರ ನೆಟ್ಟದ್ದು ಈ ಭಾಗದಲ್ಲೇ. ಟೋಕಿಯೋ ಮೇಯರ್ ಯುಕಿಯೋ ಒಜಾಕಿ ಅದಕ್ಕೂ ಮುಂಚೆ ಕಳಿಸಿದ್ದ 2,000 ಗಿಡಗಳಲ್ಲಿ ಕೀಟ, ರೋಗ ಸಿಕ್ಕಿದ್ದರಿಂದ 1910ರ ಜನವರಿಯಲ್ಲಿ ಎಲ್ಲವನ್ನೂ ಸುಟ್ಟುಹಾಕಬೇಕಾಯಿತು. ಉಡುಗೊರೆ ಸುಟ್ಟ ಮುಜುಗರವನ್ನು ಎರಡೂ ಕಡೆಯವರು ನುಂಗಿಕೊಂಡರು, ಎರಡು ವರ್ಷದ ನಂತರ 3,020 ಗಿಡ ಬಂದವು. ಕಲ್ಲುದೀಪದಿಂದ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕದವರೆಗಿನ ದಂಡೆಯಲ್ಲಿ ನಿಂತರೆ ಜೆಫರ್ಸನ್ ಗುಮ್ಮಟದ ಎಡಬದಿಯಲ್ಲಿ ಸೂರ್ಯ ಏಳುತ್ತಾನೆ. ಗಾಳಿ ಏಳುವ ಮುನ್ನ ನೀರು ಅಲುಗಾಡದೆ ಇರುತ್ತದೆ, ಪ್ರತಿಬಿಂಬ ಬೇಕಾದವರು ಆ ಅರ್ಧ ಗಂಟೆ ಬಿಡಬಾರದು. ಬಿಳಿ ಮೋಡದ ಎದುರು ಬಿಳಿ ಹೂ ಹಿಡಿದರೆ ಫೋನ್ ಕ್ಯಾಮರಾ ಅದನ್ನು ಬೂದಿ ಬಣ್ಣ ಮಾಡುತ್ತದೆ. ಹೂವಿನ ಮೇಲೆ ಬೆರಳೊತ್ತಿ ಬೆಳಕು ಸ್ವಲ್ಪ ಏರಿಸಿ.

ಅಲ್ಲಿಂದ ರೂಸ್‌ವೆಲ್ಟ್ ಸ್ಮಾರಕ ದಾಟಿ ಜೆಫರ್ಸನ್‌ಗೆ. ಎರಡೂ ಕಡೆ ಶೌಚಾಲಯ ಇದೆ, ನೆನಪಿಡಿ. ಪೂರ್ತಿ ಸುತ್ತು ಸುಮಾರು 3.4 ಕಿಲೋಮೀಟರ್, ನಿಲ್ದಾಣದಿಂದ ಹೋಗಿಬರುವುದು ಸೇರಿಸಿದರೆ ಐದಕ್ಕೂ ಹೆಚ್ಚು. ಮಂಡಿನೋವಿನ ಹಿರಿಯರನ್ನು ಪೂರ್ತಿ ಸುತ್ತಿಸುವ ಶೌರ್ಯ ಬೇಡ, ಉತ್ತರದ ದಂಡೆಯೊಂದೇ ಸಾಕು. ಬೆಳಿಗ್ಗೆ 5 ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ 18 ಆಗಬಹುದು. ನೀರಿನ ಮೇಲಿಂದ ಬರುವ ಗಾಳಿಗೆ ಒಂದು ಸ್ವೆಟರ್ ಸಾಲುವುದಿಲ್ಲ, ಕಿವಿ ಮುಚ್ಚುವ ಟೋಪಿ ಬೇಕು. ಊಟಕ್ಕೆ ಟ್ರಕ್ ಮುಂದಿನ ಕ್ಯೂ ನಂಬುವ ಬದಲು ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯಿರಿ. ಕೆಲವು ಕಡೆ ದಾರಿ ಬಂದ್ ಇರಬಹುದು, ಹೊರಡುವ ಮುಂಚೆ ನೋಡಿಕೊಳ್ಳಿ. ಹಳೆಯ ತಡೆಗೋಡೆ ಮಣ್ಣಿನೊಳಗೆ ಕುಸಿದು, ಉಬ್ಬರ ಬಂದಾಗ ದಿನಕ್ಕೆರಡು ಸಲ ನೀರು ದಾರಿ ಮೇಲೆ ಹರಿದು ಬೇರಿಗೇ ನಿಲ್ಲುತ್ತಿತ್ತು. ಗೋಡೆ ಮರಳಿ ಕಟ್ಟಲೆಂದು 2024ರಲ್ಲಿ ನೂರಕ್ಕೂ ಹೆಚ್ಚು ಚೆರ್ರಿ ಮರ ಕಡಿದರು. ಟೊಳ್ಳು ಕಾಂಡದಲ್ಲೂ ಹೂ ಬಿಡುತ್ತಿದ್ದ, ಜನ ಪ್ರೀತಿಯಿಂದ 'ಸ್ಟಂಪಿ' ಎನ್ನುತ್ತಿದ್ದ ಮೋಟು ಮರವೂ ಅದರಲ್ಲೇ ಹೋಯಿತು.

ನಮ್ಮವರ ರೇಷ್ಮೆ ಸೀರೆ ಫೋಟೋಶೂಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸೀರೆ ಉಡಿ, ಚೆನ್ನಾಗಿ ಕಾಣುತ್ತದೆ. ಆದರೆ ಕೊಂಬೆ ಎಳೆದು ಕೆನ್ನೆಗೆ ಒತ್ತಿಕೊಳ್ಳುವುದು, ಎಸಳು ಉದುರಲಿ ಎಂದು ಮರ ಅಲ್ಲಾಡಿಸುವುದು, ಮುಡಿಗೆ ಒಂದೇ ಒಂದು ಗೊಂಚಲು ಕಿತ್ತುಕೊಳ್ಳುವುದು ನಿಷಿದ್ಧ, ದಂಡವೂ ಬೀಳಬಹುದು. ಕಿತ್ತ ಕಡೆ ಆದ ಗಾಯದಿಂದ ಮರಕ್ಕೆ ರೋಗ ಹೊಗುತ್ತದೆ. ಬುಡದಲ್ಲಿ ಜಮಖಾನ ಹಾಸಿ ಹತ್ತು ಜನ ಕೂತರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಸಿಗುವುದಿಲ್ಲ. ವಾಷಿಂಗ್ಟನ್ ಸ್ಮಾರಕದ ಸುತ್ತಲ ಹುಲ್ಲು ವಿಶಾಲವಾಗಿದೆ, ಅಲ್ಲಿ ಕೂರಿ. ಡ್ರೋನ್ ಅಂತೂ ಆ ಊರಿನಲ್ಲಿ ಹಾರಿಸುವ ಯೋಚನೆಯನ್ನೇ ಮಾಡಬೇಡಿ.

ಅಪ್ಪ-ಅಮ್ಮನನ್ನು ಭಾರತದಿಂದ ಕರೆಸುವವರು ಮಾರ್ಚ್ ಎರಡನೇ ವಾರ ಬಂದು ಏಪ್ರಿಲ್ ಮಧ್ಯದವರೆಗೆ ಇರುವಂತೆ ಟಿಕೆಟ್ ತೆಗೆದರೆ ತಾರೀಖಿನ ತಲೆನೋವು ಬಹುಪಾಲು ತಪ್ಪುತ್ತದೆ. ಬೇರೆ ರಾಜ್ಯದಿಂದ ಬರುವವರು ರದ್ದು ಮಾಡಬಹುದಾದ ಹೋಟೆಲನ್ನು ಆರ್ಲಿಂಗ್ಟನ್ ಕಡೆ ಮೆಟ್ರೋ ಪಕ್ಕ ಹಿಡಿಯಲಿ, ಎರಡು ವಾರಾಂತ್ಯಕ್ಕೆ ಬುಕ್ ಮಾಡಿ ಮೊಗ್ಗು ನೋಡಿ ಒಂದನ್ನು ಬಿಡಲಿ. ಎಲ್ಲ ಮಾಡಿಯೂ ಯೋಶಿನೋ ತಪ್ಪಿದರೆ ಕ್ವಾಂಜನ್ ತಳಿ ಇದೆ: ಸುಮಾರು ಎರಡು ವಾರ ತಡವಾಗಿ, ಒತ್ತಾದ ಎಸಳಿನ ಕಡು ಗುಲಾಬಿ ಹೂ. ಈಸ್ಟ್ ಪೊಟೊಮ್ಯಾಕ್ ಪಾರ್ಕ್‌ನಲ್ಲಿ ಹೇಳತೀರದಷ್ಟಿದೆ, ಜನ ಕಾಲುಭಾಗವೂ ಇರುವುದಿಲ್ಲ. ಮೆರವಣಿಗೆಗೆಂದೇ ಏಪ್ರಿಲ್‌ನಲ್ಲಿ ಬಂದವರು ಕಾನ್‌ಸ್ಟಿಟ್ಯೂಷನ್ ಅವೆನ್ಯೂದಲ್ಲಿ ಬಲೂನು, ಬ್ಯಾಂಡು ನೋಡಿ ಮುಗಿಸಿ ಮಧ್ಯಾಹ್ನ ಅಲ್ಲಿಗೆ ಹೋಗಲಿ.