ಅವರೆಕಾಯಿಯೊಳಗಿನ ರಾಜ

ಜನವರಿಯಲ್ಲಿ ಚಿಂತಾಮಣಿಯ ನಮ್ಮ ಮನೆಗೆ ಬಂದವರು ಸುಮ್ನೆ ಕೂರುವಂತಿಲ್ಲ. ಕಾಫಿಗೂ ಮೊದಲೇ ಅಮ್ಮ ಅವರ ಮುಂದೆ ಒಂದು ಮೊರ ಅವರೆಕಾಯಿ ಸರಿಸುತ್ತಾಳೆ. ಬಾಯಿಗೆ ಮಾತು, ಕೈಗೆ ಕಾಯಿ. ಮದುವೆ ಪತ್ರಿಕೆ ಕೊಡಲು ಬಂದವರಾದರೂ ಸರಿ, ನಾಲ್ಕು ಹಿಡಿ ಕಾಳು ಸುಲಿದೇ ಏಳಬೇಕು. ಯಾರೂ ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಮಂಜು ಬಿದ್ದ ಕಾಯಿಯ ಸೊಗಡು ಬೆರಳಿಗೆ ಅಂಟಿದರೆ ಸೋಪಿಗೂ ಹೋಗುವುದಿಲ್ಲ. ಸಂಜೆ ಅವರು ಯಾರ ಮನೆಗೆ ಹೋದರೂ ಕೈ ಮೂಸಿದರೆ ಗೊತ್ತು, ನಮ್ಮ ಮನೆಯಿಂದಲೇ ಬಂದವರು ಅಂತ.

ಸುಲಿಯುವುದು ಸುಲಭದ ಕೆಲಸ. ಕಷ್ಟ ಇರುವುದು ಹಿತಕುವುದರಲ್ಲಿ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಒತ್ತಬೇಕು. ಬೇಳೆ ಪುಳಕ್ಕನೆ ಪಾತ್ರೆಗೆ ಬೀಳಬೇಕು. ಬೀಳುವುದಿಲ್ಲ. ಎದುರಿಗೆ ಕೂತವರ ಕನ್ನಡಕಕ್ಕೆ ಬೀಳುತ್ತದೆ. ಪಕ್ಕದ ಮನೆಯ ಅತ್ತೆ ಇದಕ್ಕೆ ತೆಲುಗಿನಲ್ಲಿ ಪಿತಿಕಿಪಪ್ಪು ಅನ್ನುತ್ತಾರೆ. ಯಾವ ಭಾಷೆಯಲ್ಲಿ ಕರೆದರೂ ಬೆರಳು ಒಂದೇ ರೀತಿ ನೋಯುತ್ತದೆ. ಎರಡು ಗಂಟೆ ಹಿತಕಿದ್ದು ಸಾರಾಗಿ ಬಂದರೆ ಹತ್ತು ನಿಮಿಷದಲ್ಲಿ ಖಾಲಿ.

ಈ ವರ್ಷ ಒಂದನೇ ತಾರೀಖು ಹೀಗೇ ಎಲ್ಲರೂ ಮೊರದ ಸುತ್ತ ಕೂತಿದ್ದೆವು. ಕೈಗೆ ಸೊಗಡು ಹತ್ತುತ್ತೆ ಅಂತ ಮಗಳು ಮಾತ್ರ ಮೊಬೈಲ್ ಹಿಡಿದಿದ್ದಳು. ಅಮ್ಮ ಬಿಡಲಿಲ್ಲ. "ಕೆಲಸ ಮಾಡದೆ ಇದ್ರೆ ಏನಾದ್ರೂ ಓದಿ ಹೇಳು" ಅಂದಳು. ಅವಳು ಜನವರಿಯಲ್ಲಿ ಯಾವ ದೇಶದವರು ಏನು ಹಬ್ಬ ಮಾಡುತ್ತಾರೆ ಅಂತ ಓದತೊಡಗಿದಳು.

ಗ್ರೀಸ್‌ನಲ್ಲಿ ಹೊಸ ವರ್ಷದ ದಿನವೇ ಸಂತ ಬೆಸಿಲನ ಹಬ್ಬ. ಅವನ ಹೆಸರಿನಲ್ಲಿ ಮಾಡುವ ವಾಸಿಲೋಪಿಟಾ ಎಂಬ ಕೇಕಿನಲ್ಲಿ ಒಂದು ನಾಣ್ಯ ಬಚ್ಚಿಡುತ್ತಾರೆ. ಮೊದಲ ತುಂಡು ಕ್ರಿಸ್ತನಿಗೆ, ಮನೆಗೂ ಒಂದು ತುಂಡು, ಆಮೇಲೆ ಹಿರಿಯರಿಂದ ಕಿರಿಯರವರೆಗೆ. ಕಾಸು ಸಿಕ್ಕವರಿಗೆ ವರ್ಷವಿಡೀ ಅದೃಷ್ಟ. ಮನೆಗೂ ಒಂದು ತುಂಡು ಎತ್ತಿಡುವುದು ನನಗೆ ಬಹಳ ಹಿಡಿಸಿತು. ಅಮ್ಮ ಕೇಳಿದ್ದು ಒಂದೇ: "ಯಾರಾದ್ರೂ ಕಾಸು ನುಂಗಿಬಿಟ್ರೆ?"

ಜನವರಿ 6 ಫ್ರಾನ್ಸಿನಲ್ಲಿ ರಾಜರ ಹಬ್ಬ. ಮಗು ಯೇಸುವನ್ನು ನೋಡಲು ಮೂವರು ಜ್ಞಾನಿಗಳು ಬಂದ ನೆನಪಿಗೆ. ಅವತ್ತಿನ ಕೇಕಿನೊಳಗೆ ಹಿಂದೆ ಒಂದೇ ಒಂದು ಕಾಳು ಹಾಕುತ್ತಿದ್ದರು, ಫೆವ್ ಅಂತ. ನಮ್ಮ ಅವರೆಯ ದೂರದ ನೆಂಟ ಅನ್ನಬಹುದು. ಈಗ ಪಿಂಗಾಣಿಯ ಪುಟಾಣಿ ಗೊಂಬೆ ಬಂದಿದೆ, ಹೆಸರು ಮಾತ್ರ ಇನ್ನೂ ಕಾಳಿನದೇ. ಮನೆಯ ಕಿರಿಯ ಮಗು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಅಂತ ಕೂಗಿ ಹೇಳುತ್ತದೆ. ಗೊಂಬೆ ಸಿಕ್ಕವರು ಕಾಗದದ ಕಿರೀಟ ಹಾಕಿಕೊಂಡು ಆ ದಿನ ರಾಜನೋ ರಾಣಿಯೋ ಆಗುತ್ತಾರೆ. ಒಂದೇ ಒಂದು ಕಾಳಿಗೆ ರಾಜ ಪದವಿ! ಎರಡು ಕಿಲೋ ಕಾಳಿನ ಮುಂದೆ ಕೂತಿದ್ದ ನಾನು ನನ್ನ ಬೆರಳು ನೋಡಿಕೊಂಡೆ.

ಹೈಟಿ ದೇಶದ್ದು ಬೇರೆಯೇ ಕಥೆ. 1804ರ ಜನವರಿ 1ರಂದು ಅದು ಫ್ರೆಂಚರಿಂದ ಸ್ವತಂತ್ರವಾಯಿತು. ಅದಕ್ಕೂ ಮೊದಲು ಗುಲಾಮರು ಯಜಮಾನರಿಗೆ ಕುಂಬಳಕಾಯಿಯ ಸೂಪ್ ಮಾಡಿಡಬೇಕಿತ್ತು, ತಾವು ಕುಡಿಯುವಂತಿರಲಿಲ್ಲ ಅಂತ ಅಲ್ಲಿನವರು ಹೇಳುತ್ತಾರೆ. ಈಗ ಪ್ರತಿ ಹೊಸ ವರ್ಷಕ್ಕೂ ಮನೆಮನೆಯಲ್ಲಿ ಅದೇ ಸೂಪ್. ಇದೊಂದನ್ನು ಮಾತ್ರ ಅಮ್ಮ ಕೈ ನಿಲ್ಲಿಸಿ ಕೇಳಿದಳು. "ಮಾಡಿದೋರೇ ಉಣ್ಣಬಾರದು ಅಂದ್ರೆ ಏನರ್ಥ?" ಅಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಸುಲಿಯತೊಡಗಿದಳು.

ರಷ್ಯಾದವರು ಹಳೆಯ ಕ್ಯಾಲೆಂಡರನ್ನು ಪೂರ್ತಿ ಬಿಟ್ಟಿಲ್ಲ. ಅದು ಈಗ 13 ದಿನ ಹಿಂದಿದೆ. ಹಾಗಾಗಿ ಜನವರಿ 14ಕ್ಕೆ ಅಲ್ಲಿ 'ಹಳೆಯ ಹೊಸ ವರ್ಷ'. ಹಿಂದಿನ ಸಂಜೆ ಬೇಯಿಸಿದ ಕಡುಬಿನಂಥ ತಿಂಡಿಯೊಳಗೆ ನಾಣ್ಯ, ಗುಂಡಿ ಏನೇನೋ ಬಚ್ಚಿಟ್ಟು ಭವಿಷ್ಯ ಹೇಳುವವರಿದ್ದಾರೆ. ಕೆಲವು ವರ್ಷ ಅದೇ ಸಂಜೆ ನಮ್ಮಲ್ಲಿ ಭೋಗಿ. ಎಲಚಿ ಹಣ್ಣಿನ ಜೊತೆ ಚಿಲ್ಲರೆ ಕಾಸು ಬೆರೆಸಿ ಮಕ್ಕಳ ತಲೆ ಮೇಲೆ ಸುರಿಯುತ್ತಾರೆ. ಕೂತ ಮಗು ಅಳುತ್ತಿರುತ್ತದೆ, ಉಳಿದ ಮಕ್ಕಳು ಅದರ ತೊಡೆ ಕೆಳಗೆ ಕೈ ಹಾಕಿ ಕಾಸು ಹುಡುಕುತ್ತಿರುತ್ತವೆ.

"ಎಲ್ಲರ ತಿಂಡೀಲೂ ಏನೋ ಒಂದು ಸಿಗುತ್ತೆ. ನಮ್ಮ ಅವರೆಕಾಯೀಲಿ ಏನು ಸಿಗುತ್ತಜ್ಜಿ?" ಅಂದಳು ಮಗಳು.

"ಹುಳ" ಅಂದಳು ಅಮ್ಮ.

ಅಷ್ಟರಲ್ಲಿ ಮಗಳು ಮೆಕ್ಸಿಕೋ ಓದಿದಳು. ಅಲ್ಲಿಯೂ ಜನವರಿ 6ರ ಬ್ರೆಡ್ಡಿನೊಳಗೆ ಮಗುವಿನ ಗೊಂಬೆ ಇಡುತ್ತಾರೆ. ಅದು ಸಿಕ್ಕವರಿಗೆ ಕಿರೀಟ ಇಲ್ಲ, ಖರ್ಚು. ಫೆಬ್ರವರಿ 2ರಂದು ಎಲ್ಲರಿಗೂ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಮಾಡಿಸಿ ಹಾಕಬೇಕು. ಇದು ಮನೆಯವರಿಗೆಲ್ಲ ಒಪ್ಪಿಗೆಯಾಯಿತು. ಅಲ್ಲೇ ಕಾನೂನು ಪಾಸಾಯಿತು: ಇನ್ನು ಮೊದಲ ಹುಳ ಯಾರ ಕೈಗೆ ಸಿಗುತ್ತದೋ ಅವರೇ ನಾಳೆ ಪೂರ್ತಿ ಕಾಳು ಹಿತಕಬೇಕು.

ಅಲ್ಲಿಂದಾಚೆ ಅರ್ಧ ಗಂಟೆ ಯಾರಿಗೂ ಒಂದು ಹುಳವೂ ಸಿಗಲಿಲ್ಲ. ಅಂಥ ಆರೋಗ್ಯವಾದ ಅವರೆಕಾಯಿ ಈ ತಾಲ್ಲೂಕಿನಲ್ಲೇ ಬೆಳೆದಿರಲಿಕ್ಕಿಲ್ಲ. ನಾನೇ ಎರಡನ್ನು ಸಿಪ್ಪೆಯೊಳಗೆ ತಳ್ಳಿದೆ. ತಲೆ ಎತ್ತಿದರೆ ಅಮ್ಮ ಒಂದು ಕಾಯನ್ನು ಬಿಡಿಸದೆ ಹಾಗೇ ಪಕ್ಕದಲ್ಲಿ ಮಲಗಿದ್ದ ಮೇಕೆಮರಿಯ ಬಾಯಿಗೆ ಇಡುತ್ತಿದ್ದಳು.