ದೋಣಿಯಿಲ್ಲದ ಬೋಟ್ ಮೇಲ್

ಚೆನ್ನೈ ಎಗ್ಮೋರ್‌ನಿಂದ ರಾಮೇಶ್ವರಕ್ಕೆ ಹೋಗುವ 16751 ನಂಬರಿನ ರೈಲಿಗೆ ಇವತ್ತಿಗೂ ಬೋಟ್ ಮೇಲ್ ಎಂದೇ ಹೆಸರು. ರಾತ್ರಿಯಿಡೀ ಓಡಿ ಬೆಳಗಾಗುವಾಗ ಸಮುದ್ರದ ದಂಡೆಗೆ ತಂದು ಬಿಡುತ್ತದೆ. ಇಳಿದು ನೋಡಿದರೆ ಎದುರಿಗೆ ಆ ಹೆಸರು ಕೊಟ್ಟ, ಲಂಕೆಗೆ ಹೋಗುವ ದೋಣಿ ಇಲ್ಲ. 1984ರಿಂದ ಇಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಆದರೆ ಈ ರೈಲಿನ ಮಾತೆತ್ತಿದರೆ ಸಾಕು, ಗತವೈಭವ ಶುರು. "ಏನು ಕಾಲ ಸ್ವಾಮಿ ಅದು! ಮದರಾಸಿನಲ್ಲಿ ಒಂದು ಟಿಕೆಟ್ಟು ತಗೊಂಡರೆ ನೇರ ಕೊಲಂಬೊ!" ಮಾತು ನಿಜವೇ. ಯಾರ ಕೈಯಲ್ಲಿ ಎಂಥ ಟಿಕೆಟ್ಟಿತ್ತು ಎಂಬಲ್ಲಿಗೆ ಮಾತ್ರ ಈ ಕಥೆ ಹೋಗುವುದೇ ಇಲ್ಲ.

ಮೊದಲಿಗೆ ಬೋಟ್ ಮೇಲ್ ಹೋಗುತ್ತಿದ್ದುದು ತೂತುಕುಡಿಗೆ. ಅಲ್ಲಿ ದಡದ ನೀರು ಆಳವಿಲ್ಲದ್ದರಿಂದ ಹಡಗು ಮೈಲಿಗಟ್ಟಲೆ ಆಚೆ ಲಂಗರು ಹಾಕುತ್ತಿತ್ತು; ಜನ, ಟ್ರಂಕು, ಅಂಚೆ ಮೂಟೆ ಎಲ್ಲವೂ ಸಣ್ಣ ದೋಣಿಯಲ್ಲಿ ಹೋಗಿ ಹಡಗು ಹತ್ತಬೇಕು. 1906ರಲ್ಲಿ ತೂತುಕುಡಿಯ ವಕೀಲ ವಿ.ಓ. ಚಿದಂಬರಂ ಪಿಳ್ಳೆ ಸ್ವದೇಶಿ ಹಡಗು ಕಂಪನಿ ಕಟ್ಟಿ ಇದೇ ದಾರಿಗೆ ಇಳಿದರು. ಬ್ರಿಟಿಷ್ ಕಂಪನಿ ದರ ಇಳಿಸಿತು. ಇವರೂ ಇಳಿಸಿದರು. ಕೊನೆಗೆ ಬ್ರಿಟಿಷರು ಟಿಕೆಟ್ಟೇ ಬೇಡ, ಪುಕ್ಕಟೆ ಬನ್ನಿ, ಮೇಲೊಂದು ಕೊಡೆಯೂ ಕೊಡುತ್ತೇವೆ ಅಂದರಂತೆ. ಮುಕ್ತ ಪೈಪೋಟಿ ಎಂದರೆ ಇದು! ಕೊಡೆಗೂ ಬಗ್ಗದ ಪಿಳ್ಳೆಯವರಿಗೆ 1908ರಲ್ಲಿ ಜೈಲಾಯಿತು. ಅಲ್ಲಿ ಎತ್ತಿನ ಜಾಗದಲ್ಲಿ ಅವರನ್ನು ಎಣ್ಣೆ ಗಾಣಕ್ಕೆ ಹೂಡಿದರು. ಗಾಣದ ಕೆಲಸವೂ ಪುಕ್ಕಟೆಯೇ.

1914ರ ಫೆಬ್ರವರಿ 24ರಂದು ರಾಮೇಶ್ವರ ದ್ವೀಪಕ್ಕೆ ರೈಲು ದಾಟಿಸುವ ಪಾಂಬನ್ ಸೇತುವೆ ತೆರೆಯಿತು; ಬೋಟ್ ಮೇಲ್ ಇತ್ತ ತಿರುಗಿತು. 140ಕ್ಕೂ ಮಿಕ್ಕ ಕಂಬ, ಎರಡು ಕಿಲೋಮೀಟರಿಗೂ ಮಿಕ್ಕ ಉದ್ದ, ಹಡಗು ಬಂದಾಗ ಎರಡು ರೆಕ್ಕೆಯಾಗಿ ಮೇಲೇಳುವ ನಡುಭಾಗ. ಎತ್ತುತ್ತಿದ್ದುದು ಯಂತ್ರವಲ್ಲ, ಎರಡೂ ಕಡೆ ಆಳುಗಳು ನಿಂತು ಲಿವರ್ ತಿರುಗಿಸಬೇಕಿತ್ತು. ರಾಮಸೇತುವಿನ ಸಾಲಿನ ಮೇಲೆ ಲಂಕೆಯವರೆಗೂ ಹಳಿ ಹಾಕುವ ಯೋಚನೆಯೂ ಇತ್ತು. ಖರ್ಚಿನ ಲೆಕ್ಕ ನೋಡಿ ಬಿಟ್ಟರು. ಕಪಿಸೈನ್ಯ ಕೊಟೇಶನ್ ಕೇಳಿರಲಿಲ್ಲ, ಹಾಗಾಗಿ ಅವರದ್ದು ಮುಗಿಯಿತು.

ಸೇತುವೆ ದಾಟಿದರೆ ಪಾಂಬನ್‌ನಲ್ಲಿ ಹಳಿ ಕವಲೊಡೆಯುತ್ತಿತ್ತು: ಒಂದು ರಾಮೇಶ್ವರಕ್ಕೆ, ಇನ್ನೊಂದು ಧನುಷ್ಕೋಟಿಗೆ. ಧನುಷ್ಕೋಟಿಯಲ್ಲಿ ಹಳಿ ಹಡಗುಕಟ್ಟೆಯವರೆಗೂ ಹೋಗುತ್ತಿತ್ತು. ರೈಲಿಳಿದು ನಾಲ್ಕು ಹೆಜ್ಜೆ ನಡೆದರೆ ಕರ್ಜನ್, ಎಲ್ಗಿನ್, ಹಾರ್ಡಿಂಜ್ ಎಂಬ ಉಗಿಹಡಗುಗಳಲ್ಲಿ ಒಂದು ಸಿದ್ಧ. ಮೂವರೂ ವೈಸರಾಯರು; ನೆಲದ ಮೇಲೆ ಜನರ ಬೆನ್ನೇರಿದವರು ನೀರಿನ ಮೇಲಾದರೂ ಜನರನ್ನು ಹೊತ್ತರಲ್ಲ, ಸಂತೋಷ. ಸುಮಾರು 35 ಕಿ.ಮೀ. ನೀರು ದಾಟಿದರೆ ತಲೈಮನ್ನಾರ್, ಅಲ್ಲಿಂದ ಕೊಲಂಬೊ ರೈಲು. ನಮ್ಮ ಕಡೆಯದು ಮೀಟರ್ ಗೇಜ್, ಸಾವಿರ ಮಿಲಿಮೀಟರ್. ಅವರದ್ದು ಬ್ರಾಡ್ ಗೇಜ್, 1676. ಎರಡು ಕಡೆಗೂ ಒಬ್ಬನೇ ರಾಜ, ಹಳಿ ಮಾತ್ರ ಬೇರೆ ಬೇರೆ. ಹೀಗಾಗಿ ಬೋಗಿಯನ್ನೇ ಹಡಗಿಗೆ ಹತ್ತಿಸಿ ದಾಟಿಸುವ ಮಾತೇ ಇಲ್ಲ. ಪ್ರತಿಯೊಂದು ಪೆಟ್ಟಿಗೆಯನ್ನೂ ಇಳಿಸು, ಹೊರು, ಏರಿಸು. ಆಚೆ ದಡದಲ್ಲಿ ಮತ್ತೆ ಇಳಿಸು, ಹೊರು, ಏರಿಸು.

ಸುತ್ತ ಸಮುದ್ರವಿದ್ದರೂ ಉಗಿಯಂತ್ರಕ್ಕೆ ಸಿಹಿನೀರೇ ಬೇಕು. ಉಪ್ಪುನೀರು ಬಾಯ್ಲರಿಗೆ ಹೋದರೆ ಕೊಳವೆಗಳ ಮೇಲೆ ಕಲ್ಲಿನಂಥ ಪದರ ಕಟ್ಟುತ್ತದೆ, ಶಾಖ ನೀರಿಗೆ ತಲುಪದೆ ಲೋಹ ಸುಡುತ್ತದೆ. ನೀರು ನೊರೆಯೆದ್ದು ಉಗಿಯ ಜೊತೆ ಸಿಲಿಂಡರಿಗೆ ನುಗ್ಗಿದರೆ ಪಿಸ್ಟನ್ನು ಒಡೆಯುವುದೂ ಉಂಟು. ಅದಕ್ಕೇ ಎಂಜಿನ್ನಿಗೆ ಏನು ಕುಡಿಸಬೇಕು ಎಂಬ ವಿಷಯದಲ್ಲಿ ಭಾರೀ ಕಾಳಜಿ.

ಮನುಷ್ಯರ ವಿಷಯಕ್ಕೆ ಬರೋಣ. ದೊರೆಗಳಿಗೆ ಗಟ್ಟಿ ಕಾಗದದ ಟಿಕೆಟ್ಟು. ಸಿಲೋನಿನ ಚಹಾ ತೋಟಕ್ಕೆ ಹೊರಟ ಕೂಲಿಯವರಿಗೆ 20ನೇ ಶತಮಾನದ ಮೊದಲ ವರ್ಷಗಳಿಂದ ತಗಡಿನ ಟಿಕೆಟ್ಟು: ದುಂಡನೆಯ ಒಂದು ಬಿಲ್ಲೆ, ಅದರ ಮೇಲೆ ಜಿಲ್ಲೆಯ ಅಕ್ಷರ, ತೋಟದ ನಂಬರು. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಹೆಸರು ಬರೆಯುವ ಗೊಡವೆ ಇಲ್ಲ. ಬಿಲ್ಲೆ ನೋಡಿದವರು ಮುಂದಿನ ಗಾಡಿಗೆ ಹತ್ತಿಸಿ ಖರ್ಚನ್ನು ಆ ತೋಟದ ಲೆಕ್ಕಕ್ಕೆ ಬರೆಯುತ್ತಿದ್ದರು. ತಲುಪಿದ ಮೇಲೆ ಅದು ಕಂಗಾಣಿಯ (ಆಳುಗಳನ್ನು ಕರೆತಂದು ಮೇಸ್ತ್ರಿಯಾಗಿ ದುಡಿಸುವವನು) ಸಾಲದ ಪುಸ್ತಕದಲ್ಲಿ ಕೂಲಿಯವನ ತಲೆಗೇ ಬರುತ್ತಿತ್ತು. ಪಾರ್ಸೆಲ್ಲಿಗೂ ಚೀಟಿ ಅಂಟಿಸುತ್ತಾರೆ. ಆದರೆ ಸಾಗಣೆ ಖರ್ಚನ್ನು ಪಾರ್ಸೆಲ್ಲಿನಿಂದಲೇ ವಸೂಲು ಮಾಡಿದ್ದು ಇದೊಂದೇ ಇರಬೇಕು.

ಜೊತೆಗೆ ಮಂಟಪಂ ಕ್ಯಾಂಪು. ಭಾರತದ ನೆಲದಲ್ಲಿ ಸಿಲೋನ್ ಸರ್ಕಾರವೇ ನಡೆಸುತ್ತಿದ್ದ ಕ್ವಾರಂಟೈನ್. ಕೂಲಿಯವರನ್ನು ಅಲ್ಲಿ ಇಳಿಸಿ, ಬಟ್ಟೆಯ ಹೇನು ತೆಗೆಸಿ, ಸಿಡುಬಿನ ಲಸಿಕೆ ಚುಚ್ಚಿ, ಐದಾರು ದಿನ ಕೂಡಿಹಾಕಿ ಆಮೇಲೆ ಬಿಡುತ್ತಿದ್ದರು. ಮೇಲ್ದರ್ಜೆಯ ಪ್ರಯಾಣಿಕರಿಗೆ ಈ ವಾಸವಿಲ್ಲ, ಅದೇ ದಿನದ ಹಡಗು. ಕಾಲರಾ, ಪ್ಲೇಗು ಕೂಡ ಟಿಕೆಟ್ಟಿನ ದರ್ಜೆ ನೋಡಿಯೇ ಹತ್ತುತ್ತವೆ ಎಂದು ಆಗಿನ ವೈದ್ಯಶಾಸ್ತ್ರ ಹೇಗೋ ಕಂಡುಹಿಡಿದಿತ್ತು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಧನುಷ್ಕೋಟಿಯನ್ನು, ಅಲ್ಲಿಗೆ ಹೊರಟಿದ್ದ ಪ್ಯಾಸೆಂಜರ್ ರೈಲನ್ನು, ಅದರೊಳಗಿದ್ದ ಎಲ್ಲರನ್ನೂ ಒಯ್ದಿತು. ಅದರ ಬಗ್ಗೆ ತಮಾಷೆಯ ಮಾತಿಲ್ಲ. ಮುರಿದ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ 46 ದಿನಗಳಲ್ಲಿ ಎತ್ತಿ ನಿಲ್ಲಿಸಿದರು. ಹಡಗು ರಾಮೇಶ್ವರದಿಂದ ಹೊರಡತೊಡಗಿತು. ಲಂಕೆಯ ಗಲಭೆಯಲ್ಲಿ 1984ಕ್ಕೆ ಅದೂ ನಿಂತಿತು.

ಆಮೇಲಿನದು ಉದ್ಘಾಟನೆಗಳ ಯುಗ. ಧನುಷ್ಕೋಟಿಗೆ ಮತ್ತೆ 17 ಕಿ.ಮೀ. ಹಳಿ ಎಂದು 2019ರ ಮಾರ್ಚ್ 1ರಂದು ಶಿಲಾನ್ಯಾಸವಾಯಿತು. ಶಿಲೆ ಬಂತು, ರೈಲು ಬರಲಿಲ್ಲ. ನಾಗಪಟ್ಟಿಣದಿಂದ ಲಂಕೆಯ ಕಂಕೇಸಂತುರೈಗೆ ಹಡಗು ಬಿಟ್ಟದ್ದು 2023ರ ಅಕ್ಟೋಬರ್ 14ರಂದು, ಹಿಂಗಾರು ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ. ವಾರದೊಳಗೆ ಹವಾಮಾನ ಸರಿಯಿಲ್ಲವೆಂದು ನಿಲ್ಲಿಸಿ, ಮುಂದಿನ ಆಗಸ್ಟಿನಲ್ಲಿ ಮತ್ತೆ ಬಿಟ್ಟರು. ಆ ಕರಾವಳಿಯಲ್ಲಿ ಅಕ್ಟೋಬರಿನಲ್ಲಿ ಮಳೆ ಬರುತ್ತದೆಂದು ಮೀನು ಮಾರುವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಆದರೆ ಆಹ್ವಾನ ಪತ್ರಿಕೆ ಅಚ್ಚಾಗಿತ್ತಲ್ಲ.

ರೈಲು ಬಿಟ್ಟರೆ ಹಳೆಯ ಏರ್ಪಾಡಿನಲ್ಲಿ ಇನ್ನೂ ನಡೆದಿರುವುದು ಮಂಟಪಂ ಕ್ಯಾಂಪ್ ಒಂದೇ. ಆಚೆಗೆ ಹೋಗುವವರನ್ನು ಕೂಡಿಹಾಕುತ್ತಿದ್ದ ಜಾಗದಲ್ಲಿ ಈಗ ಆಚೆಯಿಂದ ಬಂದ ಲಂಕಾ ತಮಿಳು ನಿರಾಶ್ರಿತರಿದ್ದಾರೆ. ಐದಾರು ದಿನದ ಲೆಕ್ಕ ಮಾತ್ರ ಹೋಗಿ ದಶಕಗಳ ಲೆಕ್ಕ ಬಂದಿದೆ.

ಬೋಟ್ ಮೇಲ್‌ಗೂ ಈಗ ಹೊಸ ಸೇತುವೆ ಇದೆ, 2025ರ ಏಪ್ರಿಲ್ 6ರಂದು ಉದ್ಘಾಟನೆಯಾದದ್ದು. ಲಿವರ್ ತಿರುಗಿಸುವ ಆಳುಗಳಿಲ್ಲ, 72.5 ಮೀಟರ್ ಉದ್ದದ ನಡುಭಾಗ ಲಿಫ್ಟಿನಂತೆ ನೆಟ್ಟಗೆ ಮೇಲೇರುತ್ತದೆ. ಬೋಟ್ ಮೇಲ್‌ಗೆ ಬೋಟು ಎದುರಾಗುವುದಿದ್ದರೆ ಇನ್ನು ಅಲ್ಲೇ. ಬೋಟು ಕೆಳಗೆ ದಾಟಿಹೋಗುವವರೆಗೂ ರೈಲು ಕೆಂಪು ಸಿಗ್ನಲ್ಲಿನಲ್ಲಿ ನಿಂತಿರಬೇಕು.